ಉಡಿಯೊಳಗೆ ಹಾಕಿದ ವಕೀಲರ ಫೀ

ವಕೀಲರ ಫೀ ಸರಕಾರದಿಂದ ವಾಪಸ್ಸು ಬರಲು ತಡವಾದದ್ದು ಸರಕಾರದ ತಪ್ಪಿನಿಂದಲ್ಲ, ವಕೀಲರ ತಪ್ಪಿನಿಂದಲೂ ಅಲ್ಲ. ತಪ್ಪು ನನ್ನದು. ಫೀಯನ್ನು ಫೀ ಎಂದು ಹೇಳಿ ಕೈಗೆ ಕೊಡಬೇಕಿತ್ತು. ನಾನು ಅದನ್ನು ಉಡಿ ತುಂಬುವಾಗ ಅಕ್ಕಿ ಕಾಯಿಯ ಜೊತೆ ಹಾಕಿ ಕೊಟ್ಟೆ. ನಮ್ಮ ಓಣಿಯಲ್ಲಿ ಈಗ ಈ ಕಥೆಯನ್ನು ತಮಗೆ ತಿಳಿದ ಹಾಗೆ ಹೇಳುತ್ತಾರೆ. ಕಚೇರಿಯವರು ಸತಾಯಿಸಿದರು ಎಂದು ಕೆಲವರು, ಮುದುಕಿ ಸಾಹೇಬರನ್ನೇ ಹೆದರಿಸಿ ರೊಕ್ಕ ತಂದಳು ಎಂದು ಕೆಲವರು. ಎರಡೂ ಸುಳ್ಳು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಾನು ಓದಿದ್ದು ಮೂರನೇ ಇಯತ್ತೆ. ಬರೆಯಲು ಅಷ್ಟು ಸಾಕು.

ನನ್ನ ಮಗಳಿಗೆ ಎರಡು ವರ್ಷವಿದ್ದಾಗ ಪೋಲಿಯೋ ಆಗಿ ಬಲಗಾಲು ಸಣ್ಣದಾಯಿತು. ಗೋಡೆ ಹಿಡಿದು ಬೆಳೆದಳು, ಆಮೇಲೆ ಕೋಲು ಹಿಡಿದಳು, ಮದುವೆಯಾದಳು, ಒಂದು ಹೆಣ್ಣು ಹೆತ್ತಳು. ಆ ಮೊಮ್ಮಗಳು ಈಗ ಹಾವೇರಿಯ ಹಾಸ್ಟೆಲ್ಲಿನಲ್ಲಿದ್ದು ಕಾಲೇಜು ಓದುತ್ತಾಳೆ. ಅಳಿಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲ. ಮಾತು ಕಡಿಮೆ, ಚೀಲ ಹೊರುವುದು ಜಾಸ್ತಿ. ನಾನು ಹಂಗಾಮಿನಲ್ಲಿ ಕಾಯಿಯ ತೊಟ್ಟು ಬಿಡಿಸಲು ಹೋಗುತ್ತೇನೆ. ಮಗಳು ಮನೆಯಲ್ಲಿ ಕೂತು ಹೊಲಿಯುತ್ತಾಳೆ. ಎರಡೂ ಕಾಲಿನಿಂದ ತುಳಿಯುವ ಮಶೀನು ಅವಳಿಗೆ ಆಗದು. ಅವಳದು ಮೋಟರಿನ ಮಶೀನು, ಎಡಗಾಲಿನ ತುದಿಯಿಂದ ಒತ್ತಿದರೆ ಸಾಕು, ಓಡುತ್ತದೆ. ರಾಣೆಬೆನ್ನೂರಿನ ಒಬ್ಬ ಟೇಲರ್ ಮಾಸ್ತರನಿಂದ ಹಳೆಯದನ್ನು ಕೊಂಡದ್ದು. ಆ ಮಶೀನು ಬಂದ ಮೇಲೆ ನನ್ನ ಮಗಳು ನೆಟ್ಟಗೆ ಕೂತು ಊಟ ಮಾಡುವುದನ್ನು ಕಲಿತಳು. ಅದಕ್ಕೂ ಮೊದಲು ನೆರೆಹೊರೆಯವರು ಬಂದರೆ ಒಳಗೆ ಸರಿದುಬಿಡುತ್ತಿದ್ದಳು.

ಅವಳಿಗೆ ಸರಕಾರದ ಅಂಗವಿಕಲರ ಪಿಂಚಣಿ ಬರುತ್ತಿತ್ತು. ನಮ್ಮ ಕಡೆ ಅದಕ್ಕೆ ಪಗಾರ ಅನ್ನುತ್ತೇವೆ. ಅದು ನಿಂತದ್ದೂ ನನ್ನ ಬಾಯಿಂದಲೇ. ಒಂದು ದಿನ ವಿಚಾರಣೆಗೆಂದು ಕಚೇರಿಯವನೊಬ್ಬ ಮನೆಗೆ ಬಂದ. ಕಟ್ಟೆಯ ಮೇಲೆ ಕೂತು ನೀರು ಕುಡಿದ. ಒಳಗೆ ಮಶೀನು ಓಡುತ್ತಿತ್ತು, ಪಕ್ಕದಲ್ಲಿ ಓಣಿಯವರ ಬಟ್ಟೆ ಗುಡ್ಡೆ ಬಿದ್ದಿತ್ತು.

“ಮಗಳು ಏನ್ ಮಾಡತಾರ್ರೀ ಅಮ್ಮಾ?” ಎಂದು ಕೇಳಿದ.

ಹೊಟ್ಟೆಪಾಡಿಗೆ ನಾಲ್ಕು ಸೀರೆಗೆ ಫಾಲ್ ಹಚ್ಚುತ್ತಾಳೆ ಎಂದಿದ್ದರೆ ಮುಗಿಯುತ್ತಿತ್ತು. ನಿಜವೂ ಅದೇ. ಆದರೆ ಕುಂಟಿಯ ತಾಯಿ ಅನ್ನಿಸಿಕೊಂಡು ನಲವತ್ತು ವರ್ಷ ಬದುಕಿದವಳ ಬಾಯಿ ಅಂಥ ಹೊತ್ತಿನಲ್ಲಿ ಸುಮ್ಮನಿರುವುದಿಲ್ಲ.

“ಏನ್ ಕೇಳತೀಯಪಾ,” ಅಂದೆ. “ಅರ್ಧಾ ಬ್ಯಾಡಗಿ ನನ್ನ ಮಗಳು ಹೊಲಿದ ಕುಪ್ಪಸಾನ ಹಾಕ್ಕೋತೈತಿ.”

ಅವನು ಬರೆದುಕೊಂಡು ಹೋದ. ಮುಂದಿನ ತಿಂಗಳು ಪಗಾರ ಬರಲಿಲ್ಲ. ಅದರ ಮುಂದಿನ ತಿಂಗಳು ಕಾಗದ ಬಂತು. ಮನೆಯಲ್ಲಿ ವಿದ್ಯುತ್ ಹೊಲಿಗೆ ಯಂತ್ರವಿದೆ, ಸ್ವಂತ ಉದ್ಯೋಗವಿದೆ, ಆದಾಯ ಮಿತಿ ಮೀರಿದೆ. ಮಗಳು ಕಾಗದವನ್ನು ಎರಡು ಸಲ ಓದಿದಳು. ಅಳಲಿಲ್ಲ. ನನ್ನ ಕಡೆ ಕೈ ಚಾಚಿದಳು.

“ಅರ್ಧಾ ಬ್ಯಾಡಗಿಗೆ ಹೊಲಿಯಾಕಿ ನಾ. ಒಂದು ದಾರದುಂಡಿ ತರಸಬೇಕಾಗೇತಿ. ರೊಕ್ಕಾ ಕೊಡು ಯವ್ವಾ.”

ಮರುದಿನವೇ ರಾಣೆಬೆನ್ನೂರಿಗೆ ಹೋಗಿ ಆ ಟೇಲರ್ ಮಾಸ್ತರನ ಅಂಗಡಿ ಹೊಕ್ಕೆ. ಅವನು ಮುಸಲ್ಮಾನ, ನನ್ನ ವಯಸ್ಸಿನವನು. ವಕೀಲರ ಕರಿ ಕೋಟು ಹೊಲಿದೇ ಮನೆ ಕಟ್ಟಿಸಿದವನು, ಹಾಗಾಗಿ ಯಾವ ವಕೀಲರ ಹೊಟ್ಟೆ ಎಷ್ಟು ಸುತ್ತು ಎಂಬುದು ಅವನಿಗೆ ಗೊತ್ತು. ಕಾಗದ ತೋರಿಸಿದೆ.

“ಇದಕ್ಕ ಮ್ಯಾಲಿನ ಸಾಹೇಬ್ರ ಹತ್ರ ಅಪೀಲ ಹೋಗಬೇಕ ಯಕ್ಕಾ,” ಅಂದ. “ಒಬ್ಬ ವಕೀಲ ಬಾಯಿ ಅದಾಳ. ರೊಕ್ಕಕ್ಕ ಬಾಯಿ ತಗಿಯಂಗಿಲ್ಲ, ಸಾಹೇಬ್ರ ಮುಂದ ಮಾತ್ರ ಮುಚ್ಚಂಗಿಲ್ಲ. ನಿನ್ನ ಕೂಡ ಬರೋಬ್ಬರಿ ಆಕ್ಕಾಳ.”

ಆ ವಕೀಲೆ ನನ್ನ ಮಗಳ ವಯಸ್ಸಿನವಳು. ತಾಯಿಯ ಜೊತೆ ರಾಣೆಬೆನ್ನೂರಿನಲ್ಲೇ ಇರುತ್ತಾಳೆ. ಕಾಗದ ನೋಡಿ, ಇದು ನಿಲ್ಲುವುದಿಲ್ಲ, ಅಪೀಲು ಹಾಕೋಣ ಎಂದಳು. ಫೀ ಎಷ್ಟು ಎಂದು ಕೇಳಿದೆ. ಒತ್ತಾಯ ಮಾಡಿದ ಮೇಲೆ ಒಂದು ಮೊತ್ತ ಹೇಳಿದಳು. ಅದರ ಹಿಂದೆಯೇ, “ಗೆದ್ದ ಮ್ಯಾಲೆ ನೋಡೂಣ್ರೀ ಅಮ್ಮಾರ, ಈಗೇನ ಅವಸರ,” ಎಂದಳು.

ಅದು ನನಗೆ ಹಿಡಿಸಲಿಲ್ಲ. ತೊಟ್ಟು ಬಿಡಿಸಿದ ಕೂಲಿಯನ್ನು ಅವತ್ತು ಸಂಜೆಯೇ ಎಣಿಸಿಕೊಂಡು ಬರುವವಳು ನಾನು. ಆಮೇಲೆ ನೋಡೋಣ ಅನ್ನುವ ಧಣಿಯ ಅಂಗಳಕ್ಕೆ ಎರಡನೇ ದಿನ ಕಾಲಿಟ್ಟವಳಲ್ಲ. ನನ್ನ ಕೂಲಿಗೆ ಒಂದು ನ್ಯಾಯ, ಇನ್ನೊಬ್ಬ ಹೆಂಗಸಿನ ಕೂಲಿಗೆ ಇನ್ನೊಂದು ನ್ಯಾಯ ಹೇಗಾಗುತ್ತದೆ? ಸೋತರೂ ಅವಳು ದುಡಿದಿರುತ್ತಾಳಲ್ಲ.

ಮನೆಯಲ್ಲಿ ರೊಕ್ಕವಿರಲಿಲ್ಲ. ಇದ್ದದ್ದು ಮಶೀನು. ಮಾಸ್ತರನ ಹತ್ತಿರವೇ ಒತ್ತಿ ಇಡೋಣ ಎಂದು ನಾನು ಹೇಳಿದಾಗ ಮಗಳು ಅದರ ಮೇಲಿನ ಬಟ್ಟೆ ಸರಿಸಿ ಸೂಜಿಯನ್ನು ಒರೆಸಿದಳು, ಮತ್ತೆ ಮುಚ್ಚಿದಳು. “ಒಯ್ಯಿ,” ಎಂದಳು. “ಆದ್ರ ತಿರುಗಿ ತರಬೇಕ ನೀ. ಇಲ್ಲಂದ್ರ ನಾ ಮತ್ತ ಒಳಗ ಕುಂದ್ರಾಕಿ ಆಕ್ಕೇನಿ.” ಅಳಿಯ ಹೊತ್ತುಕೊಂಡು ಬಂದ. ಮಾಸ್ತರ ನಮ್ಮಿಬ್ಬರ ಮುಖ ನೋಡಿ ರೊಕ್ಕ ಎಣಿಸಿದ.

“ದೀಪಾವಳಿ ಪಾಡ್ಯದ ತನಕಾ ಇಟ್ಕೋತೇನಿ ಯಕ್ಕಾ. ಆಮ್ಯಾಲ ಮೇಡ್ಲೇರಿ ಹುಡಿಗಿಯೊಬ್ಬಾಕಿ ಇಂಥಾದ್ದs ಕೇಳಾಕತ್ತಾಳ, ಅಕಿಗೆ ಕೊಟ್ಟಬಿಡತೇನಿ. ಆವಾಗ ಬಂದು ಅಂಗಡಿ ಮುಂದ ಬಾಯಿ ಮಾಡಬಾರ್ದು.”

“ಪಾಡ್ಯದ ಒಳಗ ಬರತೇನಿ. ನೀ ಇರತೀಯಿಲ್ಲೋ ನೋಡ್ಕೋ,” ಎಂದು ಬಂದೆ.

ಮರುದಿನ ಶುಕ್ರವಾರ. ಮೊದಲೇ ಹೇಳಿದ್ದ ಹಾಗೆ ವಕೀಲೆ ಮಗಳನ್ನು ನೋಡಿ ಕಾಗದಪತ್ರ ಕೇಳಲು ನಮ್ಮ ಮನೆಗೆ ಬಂದಳು. ಮಶೀನು ಎಲ್ಲಿ ಎಂದು ಕೇಳಿದಳು. ರಿಪೇರಿಗೆ ಕೊಟ್ಟಿದ್ದೇವೆ ಎಂದು ಸುಳ್ಳು ಹೇಳಿದೆ. ಮಗಳು ನನ್ನ ಕಡೆ ನೋಡಿ ಕಾಗದಪತ್ರದ ಚೀಲ ಮುಂದೆ ಸರಿಸಿದಳು. ವಕೀಲೆ ಎದ್ದು ಹೊರಟಾಗ ನಾನು ಫೀ ಕೈಗೆ ಕೊಟ್ಟರೆ ತಗೊಳ್ಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಮೊದಲ ಸಲ ಮನೆಗೆ ಬಂದ ಹೆಣ್ಣುಮಗಳು, ಅದರಲ್ಲೂ ಶುಕ್ರವಾರ, ಉಡಿ ತುಂಬಿದರೆ ಬೇಡ ಅನ್ನುವ ಹಾಗಿಲ್ಲ. ಸೆರಗೊಡ್ಡಿ ತಗೊಂಡದ್ದನ್ನು ತಿರುಗಿ ಕೊಡುವ ಹಾಗೂ ಇಲ್ಲ. ಅದನ್ನು ಲೆಕ್ಕ ಹಾಕಿಯೇ ನಾನು ಹಿಂದಿನ ರಾತ್ರಿ ಕುಪ್ಪಸಕ್ಕೆಂದು ಇಟ್ಟಿದ್ದ ಗುಳೇದಗುಡ್ಡದ ಖಣವೊಂದನ್ನು ಪೆಟ್ಟಿಗೆಯಿಂದ ತೆಗೆದು ಅದರ ಮಡಿಕೆಯೊಳಗೆ ಮಾಸ್ತರನ ರೊಕ್ಕ ಇಟ್ಟು ಮಡಚಿಟ್ಟಿದ್ದೆ.

ನಾನು ಗಂಡ ಸತ್ತವಳು. ಉಡಿ ತುಂಬುವ ಕೈ ನನ್ನದಲ್ಲ ಅನ್ನುತ್ತಾರೆ. ನಾನು ಅದಕ್ಕೆ ತಲೆ ಕೆಡಿಸಿಕೊಳ್ಳುವವಳಲ್ಲ, ತಗೊಳ್ಳುವವರು ಕೆಡಿಸಿಕೊಳ್ಳಬಾರದು ಎಂದು ಮಗಳಿಗೆ ತುಂಬಲು ಹೇಳಿದೆ. ಮಗಳು ಗೋಡೆಗೆ ಒರಗಿ ನಿಂತು ಅಕ್ಕಿ, ಬೆಲ್ಲ, ಕಾಯಿ, ಎಲೆ ಅಡಿಕೆ, ಖಣ ಎಲ್ಲ ಹಾಕಿದಳು. ವಕೀಲೆ ಕರಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಸೆರಗು ಒಡ್ಡಿ, ತಲೆ ಬಾಗಿಸಿ ತಗೊಂಡಳು. ನನಗೆ ಆಗ ಬಹಳ ಬುದ್ಧಿವಂತಳು ನಾನು ಅನ್ನಿಸಿತು.

ಸಂಜೆ ಅವಳ ಫೋನು ಬಂತು. “ಅಮ್ಮಾರ, ಖಣದಾಗ ರೊಕ್ಕಾ ಬಂದಾವು. ನೋಡದ ಇಟ್ಟೀರೇನು?”

“ನೋಡೇ ಇಟ್ಟೇನಿ. ಉಡಿ ಅದು. ತಿರುಗಿ ಕೊಡೂ ಮಾತ ಆಡಬ್ಯಾಡ್ರಿ.”

ಹಿಂದೆ ಅವಳ ತಾಯಿಯ ದನಿ ಕೇಳಿಸಿತು. ಉಡಿಯಲ್ಲಿ ಬಂದದ್ದನ್ನು ಹೊರಗೆ ಹಾಕಬೇಡ ಎನ್ನುತ್ತಿದ್ದಳು. ಆ ತಾಯಿ ರೊಕ್ಕವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲೆ ಇಟ್ಟಳಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

ಅಪೀಲು ಹಾವೇರಿಯಲ್ಲಿ ನಡೆಯಿತು. ವಕೀಲೆ ಎಷ್ಟೋ ಸಲ ಹೋದಳು. ನಾವು ಹೋದದ್ದು ಕೊನೆಯ ಸಲ, ಶ್ರಾವಣದಲ್ಲಿ. ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸು ಬದಲಿಸುವಾಗ ಮಗಳಿಗೆ ಹತ್ತಲು ಕಷ್ಟವಾಯಿತು, ಕಂಡಕ್ಟರ್ ಕೈ ಹಿಡಿದು ಹತ್ತಿಸಿಕೊಂಡ. ಸಾಹೇಬರ ಕೋಣೆಯಲ್ಲಿ ವಕೀಲೆ ಒಂದೇ ಪ್ರಶ್ನೆ ಹಿಡಿದು ನಿಂತಳು. ಆದಾಯ ಮಿತಿ ಮೀರಿದೆ ಎಂದು ಬರೆದವರು ಎಷ್ಟು ಆದಾಯ ಎಂದು ಎಲ್ಲಿ ಬರೆದಿದ್ದಾರೆ? ಸಾಹೇಬರು ಫೈಲು ತಿರುಗಿಸಿ ನೋಡಿದರು. ಎಲ್ಲೂ ಇರಲಿಲ್ಲ. ಇದ್ದದ್ದು ಯಂತ್ರವಿದೆ ಎಂಬ ಮಾತು, ಮತ್ತು ಅರ್ಧ ಬ್ಯಾಡಗಿಗೆ ಹೊಲಿಯುತ್ತಾಳೆ ಎಂಬ ನನ್ನ ಮಾತು.

“ಇದನ್ನು ಹೇಳಿದವರು ಯಾರು?” ಎಂದು ಸಾಹೇಬರು ಕೇಳಿದರು.

“ನಾನs ರೀ,” ಅಂದೆ. “ತಾಯಿ ಬಾಯಿ ಸಾಹೇಬ್ರ. ನಿಮ್ಮ ತಾಯಿನ್ನ ಕೇಳಿದ್ರ ನೀವು ಅರ್ಧಾ ರಾಜ್ಯ ಆಳತೀರಿ ಅಂತ ಹೇಳತಾರ.”

ಸಾಹೇಬರು ನಕ್ಕರು. ವಕೀಲೆ ನನಗೆ ಸುಮ್ಮನಿರಲು ಕೈ ಸನ್ನೆ ಮಾಡಿದಳು. ನಾನು ಸುಮ್ಮನಿರಲಿಲ್ಲ.

“ಆ ಮಶೀನೂ ಈಗ ಮನ್ಯಾಗಿಲ್ಲ ನೋಡ್ರಿ. ಮಶೀನ್ ಐತಿ ಅಂತ ಪಗಾರ ನಿಲ್ಲಿಸಿದ್ರಿ, ಪಗಾರ ಬಿಡಿಸ್ಕೊಳ್ಳಾಕ ಮಶೀನ್ ಒತ್ತಿ ಇಟ್ಟು ವಕೀಲ್ರಿಗೆ ಕೊಟ್ಟೇವಿ.”

ವಕೀಲೆ ಗಕ್ಕನೆ ನನ್ನ ಕಡೆ ತಿರುಗಿದಳು. ರಿಪೇರಿಗೆ ಕೊಟ್ಟಿದ್ದೇವೆ ಎಂದವಳ ಬಾಯಿಂದ ಈಗ ನಿಜ ಬಿದ್ದಿತ್ತು. ಸಾಹೇಬರು ಪೆನ್ನು ಕೆಳಗಿಟ್ಟು ಮಗಳ ಕೋಲನ್ನು ನೋಡಿದರು. ಆಮೇಲೆ ಬರೆಸಿದರು. ಪಗಾರವನ್ನು ನಿಂತ ತಿಂಗಳಿನಿಂದ ಕೊಡಬೇಕು. ವಿಚಾರಣೆ ಸರಿಯಾಗಿ ಮಾಡದ್ದರಿಂದ ಇವರಿಗೆ ಖರ್ಚು ಬಿದ್ದಿದೆ. ಆದ್ದರಿಂದ ವಕೀಲರ ಫೀಯನ್ನು ರಸೀದಿ ನೋಡಿ ಇವರಿಗೆ ಕೊಡಬೇಕು.

ನಾನು ಫೀ ಎಂಬ ಮಾತು ಕೇಳಿದೆ. ರಸೀದಿ ಎಂಬ ಮಾತು ನನ್ನ ಕಿವಿಯ ಪಕ್ಕದಿಂದ ಹೋಯಿತು.

ಹೊರಗೆ ಬಂದೊಡನೆ ವಕೀಲೆ ನನ್ನನ್ನು ಗೋಡೆಯ ಕಡೆ ಕರೆದಳು. ಗೆದ್ದ ಖುಷಿ ಅವಳ ಮುಖದ ಮೇಲೆ ಇರಲಿಲ್ಲ.

“ಮಶೀನ್ ಒತ್ತಿ ಇಟ್ಟು ನನ್ನ ಉಡಿ ತುಂಬಿದ್ರೇನ್ರೀ ಅಮ್ಮಾರ? ನಾಳೆ ಬಂದು ಆ ರೊಕ್ಕಾ ತಗೊಂಡು ಹೋಗ್ರಿ. ಮಶೀನ್ ಬಿಡಿಸ್ಕೋರಿ.”

“ಉಡ್ಯಾಗ ಹಾಕಿದ್ದನ್ನ ತಿರುಗಿ ತಗೊಳ್ಳಾಕ ನಾ ಏನ್ ಕೆಟ್ಟ ಹೊತ್ತಿನ್ಯಾಗ ಹುಟ್ಟೇನೇನು? ನೀವು ದುಡದೀರಿ. ಸರಕಾರ ಕೊಡತೈತಿ ಅಂತ ಸಾಹೇಬ್ರು ಬರಸ್ಯಾರ. ನಾ ಸರಕಾರದಿಂದs ತಗೋತೇನಿ.”

“ಅದಕ್ಕ ನಾ ರಸೀದಿ ಬರದು ಕೊಡಬೇಕಾಕ್ಕೇತಿ. ಹಂಗಾದ್ರ ಅದು ಫೀ ಅಂತ ಹೇಳ್ರಿ, ಬರದು ಕೊಡತೇನಿ.”

“ಉಡಿ ಅದು,” ಅಂದೆ.

ವಕೀಲೆ ತಲೆ ಹಿಡಿದುಕೊಂಡಳು. “ನಮ್ಮವ್ವ ಅದನ್ನ ದೇವರ ಜಗಲಿ ಮ್ಯಾಲೆ ಇಟ್ಟಾಳ. ನಾ ಈಗ ಅದಕ್ಕ ಫೀ ಅಂತ ರಸೀದಿ ಬರದ್ರ ಒಂದು ಸರಕಾರಕ್ಕ ಸುಳ್ಳು, ಇಲ್ಲಾ ದೇವರಿಗೆ ಸುಳ್ಳು. ಯಾವುದಕ್ಕ ಹೇಳ್ಲಿ ಹೇಳ್ರಿ.”

ಉತ್ತರವಿಲ್ಲದಾಗ ನಾನು ಜೋರಾಗಿ ಮಾತಾಡುತ್ತೇನೆ. ಅಲ್ಲಿಯೂ ಹಾಗೇ ಮಾಡಿ ಬಸ್ಸು ಹತ್ತಿದೆ.

ನಿಂತಿದ್ದ ಪಗಾರ ಎಲ್ಲ ಕೂಡಿ ಗಣೇಶ ಚೌತಿಯ ಹೊತ್ತಿಗೆ ಬಂತು. ಅದು ಬಂದ ದಾರಿಯಲ್ಲೇ ಹೋಯಿತು. ಕಿರಾಣಿಯವನಿಗೆ, ಮೊಮ್ಮಗಳ ಹಾಸ್ಟೆಲ್ಲಿಗೆ, ಮಗಳ ಕಾಲಿನ ಔಷಧಕ್ಕೆ. ಮಶೀನಿಗೆ ಉಳಿಯಲಿಲ್ಲ. ಉಳಿದದ್ದು ಫೀ ಒಂದೇ ದಾರಿ. ನಾನು ವಕೀಲೆಗೆ ಹೇಳದೆ ಒಬ್ಬಳೇ ಹಾವೇರಿಗೆ ಹೋದೆ. ಕಚೇರಿಯ ಕ್ಲರ್ಕು ಒಳ್ಳೆಯವನೇ. ಕುರ್ಚಿ ಕೊಟ್ಟ, ಫೈಲು ತೆಗೆದ.

“ರಸೀದಿ ತಂದೀರೇನಮ್ಮಾ?”

“ರಸೀದಿ ಇಲ್ಲ. ಸಾಹೇಬ್ರ ಮುಂದs ಹೇಳೇನಲ್ಲ.”

“ಹೇಳೀರಿ ಖರೆ. ಆದ್ರ ರಸೀದಿ ನೋಡಿ ಕೊಡ್ರಿ ಅಂತ ಸಾಹೇಬ್ರs ಬರಸ್ಯಾರ. ರೊಕ್ಕಾ ಹೆಂಗ ಕೊಟ್ರಿ, ಯಾವಾಗ ಕೊಟ್ರಿ?”

“ಉಡ್ಯಾಗ ಹಾಕಿ ಕೊಟ್ಟೇವಿ. ಉಡಿ ತುಂಬಿದ್ದಕ್ಕ ರಸೀದಿ ಕೇಳತಾರೇನಪಾ ಯಾರರೆ? ಮನಿಗೆ ಹೋಗಿ ನಿಮ್ಮವ್ವನ್ನ ಕೇಳು.”

ಪಕ್ಕದ ಮೇಜಿನವರು ನಕ್ಕರು. ನಾನೂ ನಕ್ಕೆ. ಕ್ಲರ್ಕು ನಗಲಿಲ್ಲ. ಬರೆದ, ಬರೆದದ್ದನ್ನು ಓದಿ ಹೇಳಿದ. ಅರ್ಜಿದಾರಳ ತಾಯಿ ಬಂದು, ಕೊಟ್ಟದ್ದು ಉಡಿ ಎಂದು ಹೇಳಿರುತ್ತಾರೆ. ಉಡಿ ಕಾಣಿಕೆಯಾಗಿರುತ್ತದೆ. ಫೀ ಕೊಟ್ಟ ಬಗ್ಗೆ ದಾಖಲೆ ಇರುವುದಿಲ್ಲ.

“ಅಳಸೋ ಅದನ್ನ,” ಅಂದೆ.

“ಅಳಸಾಕ ಬರಂಗಿಲ್ಲಮ್ಮಾ. ಫೀ ಆಗಿದ್ರ ವಕೀಲ್ರ ರಸೀದಿ ತರ್ರಿ. ಮತ್ತ ನೀವು ಬಂದು ಇದು ಫೀನs ಅಂತ ನಿಮ್ಮ ಕೈಲೆ ಬರದು ಕೊಡ್ರಿ. ಉಡಿ ಆಗಿದ್ರ ಮನಿಗೆ ಹೋಗ್ರಿ, ದೇವರು ಚೊಲೋ ಮಾಡ್ಲಿ.”

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಮಶೀನು ಇದ್ದ ಮೂಲೆಯಲ್ಲಿ ಕೂತು ಕೈ ಸೂಜಿಯಿಂದ ಗುಂಡಿ ಹಚ್ಚುತ್ತಿದ್ದಳು. ಓಣಿಯವರು ಈಗ ಬಟ್ಟೆ ತರುವುದನ್ನು ಬಿಟ್ಟಿದ್ದರು. ಹಬ್ಬದ ಹೊಲಿಗೆಯೆಲ್ಲ ಬೇರೆಯವರಿಗೆ ಹೋಗುತ್ತಿತ್ತು. ಅವಳು ದಾರವನ್ನು ಹಲ್ಲಿನಿಂದ ಕಡಿದಳು.

“ಅರ್ಧಾ ಬ್ಯಾಡಗಿ ಅಂತ ಹೇಳಿ ಪಗಾರ ಕಳದಿ. ಈಗ ಉಡಿ ಅಂತ ಹೇಳಿ ಮಶೀನ್ ಕಳಿ. ಒಂದು ಮಾತ ಕೇಳತೇನಿ ಯವ್ವಾ. ಖಣದಾಗ ರೊಕ್ಕಾ ಮಡಚುವಾಗ ನಿನ್ನ ಮನಸಿನ್ಯಾಗ ಏನಿತ್ತು? ಉಡಿ ಇತ್ತೋ, ಫೀ ಇತ್ತೋ?”

ನಾನು ಎದ್ದು ಒಲೆ ಹಚ್ಚಿದೆ. ರೊಟ್ಟಿ ಬಡಿಯಲು ಹೋದೆ. ಬಡಿಯುತ್ತ ಬಡಿಯುತ್ತ ಉತ್ತರ ಬಂತು. ಮನಸ್ಸಿನಲ್ಲಿ ಇದ್ದದ್ದು ಫೀ. ಉಡಿಯನ್ನು ನಾನು ಚೀಲದ ಹಾಗೆ ಬಳಸಿದ್ದೆ. ವಕೀಲೆ ಬೇಡ ಅನ್ನದಿರಲಿ ಎಂದು ಹೂಡಿದ ಆಟ ಅದು. ಉಡಿಗೆ ಮಾಡಿದ ಅಪಚಾರ ಅವಳು ರಸೀದಿ ಬರೆದರೆ ಆಗುವುದಲ್ಲ, ನಾನು ಮಡಚಿದ ದಿನವೇ ಆಗಿಹೋಗಿತ್ತು. ಅಷ್ಟು ತಿಳಿದ ಮೇಲೆ ಕಷ್ಟವಿರಲಿಲ್ಲ. ನಾಚಿಕೆ ಇತ್ತು, ಅದು ಬೇರೆ.

ದಸರೆಯ ನಂತರ ರಾಣೆಬೆನ್ನೂರಿಗೆ, ವಕೀಲೆಯ ಮನೆಗೇ ಹೋದೆ. ಅವಳು ಕೋರ್ಟಿನಿಂದ ಇನ್ನೂ ಬಂದಿರಲಿಲ್ಲ. ಅವಳ ತಾಯಿ ಕದ ತೆಗೆದಳು. ನನ್ನ ಹಾಗೆಯೇ ಗಂಡ ಸತ್ತವಳು, ನನಗಿಂತ ತುಸು ದಪ್ಪ, ನನಗಿಂತ ತುಸು ಜೋರು. ಜಗಲಿಯ ಮೇಲೆ ಅರಿಶಿನದ ಗಂಟು ಕಾಣುತ್ತಿತ್ತು, ಮೇಲೊಂದು ಹೂವು ಇತ್ತು.

“ಅದರಾಗ ಇರೋದು ಉಡಿ ಅಲ್ರೀ,” ಎಂದು ನೀರು ಕುಡಿಯುವ ಮೊದಲೇ ಹೇಳಿದೆ. “ನಿಮ್ಮ ಮಗಳ ಕೂಲಿ ಅದು. ಕೈಗೆ ಕೊಟ್ರ ಒಲ್ಲೆ ಅಂತಾಳಂತ ಉಡಿ ಹೆಸರು ಹೇಳಿ ಹಾಕೇನಿ. ನನ್ನ ಮಗಳ ಕೈಲೆ ಹಾಕಿಸೇನಿ, ಅಕಿಗೂ ಹೇಳಿದ್ದಿಲ್ಲ.”

ಆ ತಾಯಿ ಜಗಲಿಯ ಕಡೆ ತಿರುಗಿ ನೋಡಿದಳು. “ಅಂದ್ರ ಇಷ್ಟು ದಿನಾ ನಾ ಕೋರ್ಟಿನ ಫೀಗೆ ಊದಿನಕಡ್ಡಿ ಬೆಳಗೇನಿ?”

“ಹೂಂ ರೀ.”

“ಹೂವಾ ಏರಸೇನಿ?”

“ಏರಸೀರಿ.”

“ಹಂಗಾದ್ರ ನನ್ನ ಮಗಳ ಉಡಿ ಇನ್ನೂ ತುಂಬೇ ಇಲ್ಲ ಅನ್ರಿ.”

“ಇಲ್ಲ,” ಅಂದೆ.

ಆಕೆ ಎದ್ದು ಜಗಲಿಯ ಮೇಲಿನ ಗಂಟು ಬಿಚ್ಚಿದಳು. ರೊಕ್ಕವನ್ನು ಮೇಜಿನ ಮೇಲೆ ಮಗಳ ಕಾನೂನು ಪುಸ್ತಕದ ಕೆಳಗೆ ಇಟ್ಟಳು. ಕೈ ತೊಳೆದು ಬಂದಳು. ಖಣವನ್ನು ಮಾತ್ರ ನನ್ನ ತೊಡೆಯ ಮೇಲೆ ಹಾಕಿದಳು, ಅದರ ಮೇಲೆ ಮಗಳ ಒಂದು ಹಳೆಯ ಕುಪ್ಪಸ.

“ಇದು ಅಳತಿ ಕುಪ್ಪಸ. ನಿಮ್ಮ ಮಗಳು ಅರ್ಧಾ ಬ್ಯಾಡಗಿಗೆ ಹೊಲಿತಾಳಂತಲ್ಲ, ನನ್ನ ಮಗಳು ಹೇಳಿ ಹೇಳಿ ನಗತಾಳ. ಹೊಲಿಸಿ ತರ್ರಿ. ಅವತ್ತ ಖರೇ ಉಡಿ ತುಂಬ್ರಿ. ಯಾವಾಗ ಬರತೀರಿ?”

“ಮಶೀನ್ ಮನಿಗೆ ಬಂದ ಮರುದಿನಾ.”

“ಅದನ್ನರೆ ನೆಟ್ಟಗ ಮಾಡ್ರಿ,” ಎಂದು ಚಹಾ ಇಟ್ಟಳು. ಸಕ್ಕರೆ ಜಾಸ್ತಿ ಹಾಕಿದ್ದಳು. ಸಿಟ್ಟಿದ್ದವರು ಅಷ್ಟು ಸಕ್ಕರೆ ಹಾಕುವುದಿಲ್ಲ.

ವಕೀಲೆ ಬಂದು ಎಲ್ಲ ಕೇಳಿ ರಸೀದಿ ಪುಸ್ತಕ ತೆಗೆದಳು. ರೊಕ್ಕ ಕೈಗೆ ಬಂದ ಆ ಶುಕ್ರವಾರದ ತಾರೀಕನ್ನೇ ಬರೆಯುತ್ತೇನೆ, ಬರೆದದ್ದು ತಡವಾಗಿ ಎಂದೂ ಬರೆಯುತ್ತೇನೆ, ಸುಳ್ಳು ಒಂದೂ ಬೇಡ ಎಂದಳು. ಮರುದಿನ ಅವಳೇ ನನ್ನನ್ನು ಹಾವೇರಿಗೆ ಕರೆದುಕೊಂಡು ಹೋದಳು. ಕ್ಲರ್ಕು ಬಿಳಿ ಹಾಳೆ ಕೊಟ್ಟ. ವಕೀಲೆ ಹೇಳಿಕೊಡಲು ಬಂದಳು, ನಾನು ಬೇಡ ಅಂದೆ. ಬಹಳ ವರ್ಷದ ಮೇಲೆ ಅಷ್ಟುದ್ದ ಬರೆದೆ. “ಖಣದಲ್ಲಿ ಇಟ್ಟದ್ದು ಫೀ. ಉಡಿ ಬೇರೆ, ಫೀ ಬೇರೆ. ಕೂಡಿಸಿದ್ದು ನಾನು. ಮಗಳದೂ ವಕೀಲರದೂ ತಪ್ಪಿಲ್ಲ. ಹಿಂದೆ ಈ ಕಚೇರಿಯಲ್ಲಿ ಹೇಳಿದ್ದು ಬಾಯಿ ಜೋರಿಗೆ ಹೇಳಿದ್ದು.” ಕೆಳಗೆ ಸಹಿ ಮಾಡಿದೆ. ಹೆಬ್ಬೆಟ್ಟಿನ ಶಾಯಿ ಡಬ್ಬಿಯನ್ನು ಮುಂದೆ ಸರಿಸಿದ್ದ ಕ್ಲರ್ಕು ಅದನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

“ಬಾಯಿ ಜೋರಿಗೆ ಅನ್ನೂದು ಬೇಕೇನಮ್ಮಾ?” ಎಂದ.

“ಇರ್ಲಿ. ಖರೆ ಐತಿ.”

ಆಮೇಲೆ ದಿನ ಎಣಿಸುವುದೇ ಕೆಲಸವಾಯಿತು. ದೀಪಾವಳಿಗೆ ಹನ್ನೆರಡು ದಿನವಿತ್ತು, ಎಂಟು ದಿನವಿತ್ತು, ಐದು ದಿನವಿತ್ತು. ಮಗಳು ಕೇಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಸಂಜೆ ಫೋನು ತೆಗೆದು ಬ್ಯಾಂಕಿನ ಸಂದೇಶ ಬಂದಿದೆಯೇ ಎಂದು ನೋಡಿ ಕೆಳಗಿಡುತ್ತಿದ್ದಳು. ಹಬ್ಬಕ್ಕೆ ಮೂರು ದಿನ ಉಳಿದಾಗ ಬೆಳಿಗ್ಗೆ, ನಾನು ಒಲೆ ಮುಂದೆ ಇದ್ದೆ, “ಯವ್ವಾ,” ಎಂದಳು. ಆ ದನಿ ಕೇಳಿಯೇ ನಾನು ಎದ್ದೆ. ಅಳಿಯ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

ಬ್ಯಾಂಕಿನಿಂದ ರೊಕ್ಕ ತೆಗೆದುಕೊಂಡು ಮಾಸ್ತರನ ಅಂಗಡಿಗೆ ಹೋದಾಗ ನಮ್ಮ ಮಶೀನು ಮೂಲೆಯಲ್ಲಿರಲಿಲ್ಲ. ಮೇಡ್ಲೇರಿ ಹುಡುಗಿಗೆ ಕೊಟ್ಟೇಬಿಟ್ಟ ಅಂದುಕೊಂಡೆ. ನೋಡಿದರೆ ಅದು ಬಾಗಿಲ ಹತ್ತಿರ ಓಡುತ್ತಿತ್ತು. ಮಾಸ್ತರ ತಾನೇ ಅದರ ಮುಂದೆ ಕೂತು ಕರಿ ಕೋಟಿನ ತೋಳು ಹೊಲಿಯುತ್ತಿದ್ದ.

“ಒತ್ತಿ ಇಟ್ಟ ಸಾಮಾನ ದುಡಸ್ತಾರೇನ ಭಾಯಿ?” ಅಂದೆ.

“ಸುಮ್ನ ಇಟ್ರ ತುಕ್ಕ ಹಿಡಿತದ ಯಕ್ಕಾ. ನಿನ್ನ ಸಲುವಾಗಿ ಓಡಸೇನಿ. ಎಣ್ಣಿ ಬ್ಯಾರೆ ಹಾಕೇನಿ, ಎಣ್ಣಿ ರೊಕ್ಕಾ ಕೊಡು.”

“ನಾಕು ತಿಂಗಳಾ ದುಡಿಸಿದಿ, ಬಾಡಿಗಿ ನೀನs ಕೊಡು.”

“ಅಲ್ಲಾ! ಮ್ಯಾಲಿನ ಸಾಹೇಬ್ರ ಹತ್ರ ಗೆದ್ದು ಬಂದಾಕಿ ಕೂಡ ಯಾರು ಮಾತಾಡಬೇಕ್ರೀ,” ಎಂದು ಅಳಿಯನ ಕಡೆ ನೋಡಿ ಕೈ ಮುಗಿದ. ಎಣ್ಣೆಯೂ ಇಲ್ಲ, ಬಾಡಿಗೆಯೂ ಇಲ್ಲ, ಕೊಟ್ಟಷ್ಟೇ ರೊಕ್ಕ ತಗೊಂಡ. ಮೇಡ್ಲೇರಿಯ ಹುಡುಗಿ ಎರಡು ಸಲ ಬಂದು ಕೇಳಿಹೋದಳಂತೆ. ಕೆಟ್ಟು ನಿಂತಿದೆ ಎಂದು ಹೇಳಿ ಕಳಿಸಿದೆ ಎಂದ. ಓಡುತ್ತಿರುವ ಮಶೀನಿನ ಮುಂದೆ ಕೂತು ಹಾಗೆ ಹೇಳಿದನಂತೆ. ಸುಳ್ಳು ಹೇಳುವುದರಲ್ಲಿ ನಾನೊಬ್ಬಳೇ ಅಲ್ಲ ಎಂದು ಸಮಾಧಾನವಾಯಿತು.

ಅಳಿಯ ಮಶೀನನ್ನು ಹೆಗಲ ಮೇಲೆ ಹೊತ್ತು ಬಸ್ಸಿಗೆ ಏರಿಸಿದ. ಕಂಡಕ್ಟರ್ ಅದಕ್ಕೂ ಟಿಕೀಟು ಕೊಟ್ಟ. ಮನೆಗೆ ಬಂದಾಗ ಮಗಳು ಮೂಲೆ ಗುಡಿಸಿ, ನೀರು ಹಾಕಿ ಒರೆಸಿ, ಸ್ಟೂಲು ಇಟ್ಟು ಕಾಯುತ್ತಿದ್ದಳು. ಕುಂಕುಮ ಹಚ್ಚಿದಳು, ದಾರ ಪೋಣಿಸಿದಳು. “ಹಬ್ಬದ ಬಟ್ಟಿ ತರ್ರಿ ಅಂತ ಓಣ್ಯಾಗ ಹೇಳಿ ಬಾ,” ಎಂದಳು ಗಂಡನಿಗೆ. ಆಮೇಲೆ ನನ್ನ ಕಡೆ ಕೈ ಚಾಚಿದಳು. ಈ ಸಲ ರೊಕ್ಕಕ್ಕಲ್ಲ. ನಾನು ಪೆಟ್ಟಿಗೆಯಿಂದ ಖಣ ಮತ್ತು ಅಳತೆ ಕುಪ್ಪಸ ತಂದು ಕೊಟ್ಟೆ. ಎಡಗಾಲು ಒತ್ತಿದಳು. ಮಶೀನು ಓಡಿತು. ಆ ಸದ್ದಿಗೆ ಪಕ್ಕದ ಮನೆಯವಳು ಬಾಗಿಲಿಗೆ ಬಂದು ನಿಂತಳು. ಮಗಳು ತಲೆ ಎತ್ತಿ, “ಒಳಗ ಬರ್ರೀ,” ಎಂದಳು. ದೀಪ ಹಚ್ಚುವ ಹೊತ್ತಿಗೆ ಕುಪ್ಪಸ ಮುಗಿದಿತ್ತು. ತೋಳಿನ ಅಂಚು ಒಂದು ನೂಲು ಆಚೀಚೆ ಇರಲಿಲ್ಲ. ಅರ್ಧ ಬ್ಯಾಡಗಿ ಎಂದು ನಾನು ಅಂದದ್ದು ಹೆಚ್ಚಾಯಿತು ನಿಜ, ಆದರೆ ಬಹಳ ಹೆಚ್ಚಾಗಲಿಲ್ಲ.

ಮರುದಿನ ಬೆಳಿಗ್ಗೆ ಜಳಕ ಮಾಡಿ ಮೊರದಲ್ಲಿ ಅಕ್ಕಿ ಹಾಕಿದೆ, ಬೆಲ್ಲದಚ್ಚು ಇಟ್ಟೆ, ಕಾಯಿ ಇಟ್ಟೆ, ಎಲೆ ಅಡಿಕೆ ಇಟ್ಟೆ. ಕುಪ್ಪಸವನ್ನು ಕೊನೆಗೆ ತಗೊಂಡೆ. ಮಗಳು ಸೀರೆ ಉಟ್ಟು, ಕೋಲು ಹಿಡಿದು, ರಾಣೆಬೆನ್ನೂರಿನ ಮೊದಲ ಬಸ್ಸಿಗೆ ತಯಾರಾಗಿ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ಕಾಣುವ ಹಾಗೆ ಕುಪ್ಪಸವನ್ನು ಪೂರ್ತಿ ಬಿಡಿಸಿ ಎರಡು ಸಲ ಝಾಡಿಸಿ, ಆಮೇಲೆ ಮಡಚಿ ಇಟ್ಟೆ.